ಮಲೆನಾಡಿನ ಚಳಿಗೆ ಮೈಗಂಟುವ ಮೊದಲ ಬಟ್ಟೆ: ಕಡಿಮೆ ದುಡ್ಡಿನ ಬೇಸ್ ಲೇಯರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್ ಬಂತೆಂದರೆ ಗುಡ್ಡ ಹತ್ತುವವರು, ಬೆಳಗ್ಗೆ ಸೈಕಲ್ ತುಳಿಯುವವರು, ಹಕ್ಕಿ ನೋಡಲು ಹೋಗುವವರು ಎಲ್ಲರೂ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಎದುರಿಗೆ ಸಿಕ್ಕಾಗ ಕೇಳಿದ್ದು, ಬರೆದು ಕೇಳಿದ್ದು ಎಲ್ಲವನ್ನೂ ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಚಳಿಗಿಂತ ಬೆವರಿನದೇ ದೊಡ್ಡ ಕಾಟ. ದಪ್ಪ ಬಟ್ಟೆ ಒಂದಕ್ಕೆ ದುಡ್ಡು ಸುರಿಯುವ ಬದಲು, ಬೇಗ ಒಣಗುವ ತೆಳ್ಳನೆಯವು ಎರಡು ತೊಗೊಳ್ಳಿ.

## ಮೊದಲು ತಿಳಿಯಬೇಕಾದ್ದು

ಬೇಸ್ ಲೇಯರ್ ಅಂದ್ರೆ ಥರ್ಮಲ್ಲೇ ಅಲ್ವಾ?

ಅಲ್ಲ. ಬೇಸ್ ಲೇಯರ್ ಅಂದರೆ ಮೈಗೆ ತಾಗಿಕೊಂಡಿರುವ ಮೊದಲ ಬಟ್ಟೆ. ಬೆವರನ್ನು ಚರ್ಮದಿಂದ ದೂರ ಸಾಗಿಸುವುದು ಅದರ ಮುಖ್ಯ ಕೆಲಸ. ಬೆಚ್ಚಗಿಡುವುದು ಅದರ ಮೇಲೆ ಹಾಕುವ ಸ್ವೆಟರ್ ಅಥವಾ ಫ್ಲೀಸಿನ (ಮೆತ್ತನೆ ಜೂಲಿನ ಪಾಲಿಯೆಸ್ಟರ್ ಅಂಗಿ) ಕೆಲಸ, ಗಾಳಿ ಮಳೆ ತಡೆಯುವುದು ಎಲ್ಲಕ್ಕಿಂತ ಹೊರಗಿನ ಜಾಕೆಟ್ಟಿನ ಕೆಲಸ. ಚಳಿಗಾಲದಲ್ಲಿ ಬಟ್ಟೆ ಅಂಗಡಿಗಳಲ್ಲಿ ಮೇಲಿನದು ಕೆಳಗಿನದು ಸೇರಿಸಿ ಥರ್ಮಲ್ ಅಂತ ಜೋಡಿ ಮಾರುತ್ತಾರಲ್ಲ, ಅವುಗಳಲ್ಲಿ ಬಹಳಷ್ಟು ಕಾಟನ್, ಇಲ್ಲವೇ ಕಾಟನ್ ಜಾಸ್ತಿ ಇರುವ ಮಿಶ್ರಣ. ರಾತ್ರಿ ಬಸ್ಸಿಗೆ, ಮನೆಯ ಜಗಲಿಯಲ್ಲಿ ಕೂರೋದಕ್ಕೆ ಅದು ಚೆನ್ನ. ಬೆವರು ಸುರಿಯುವ ಕೆಲಸಕ್ಕೆ ಬರುವುದಿಲ್ಲ.

ನಮ್ಮ ಮಲೆನಾಡಲ್ಲಿ ಹಿಮ ಬೀಳಲ್ಲ, ಇದೆಲ್ಲ ನಮಗೆ ಬೇಕಾ?

ಹಿಮ ಬೀಳುವುದಿಲ್ಲ, ನಿಜ. ಆದರೆ ಲೆಕ್ಕ ನೋಡಿ. ಮೇಲಕ್ಕೆ ಹೋದಂತೆ ಪ್ರತಿ 1000 ಮೀಟರಿಗೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ. ಕೊಡಚಾದ್ರಿ 1343 ಮೀಟರ್ ಎತ್ತರ. ಕುದುರೆಮುಖ, ಮುಳ್ಳಯ್ಯನಗಿರಿ 1900 ಮೀಟರಿನ ಆಸುಪಾಸು. ಕೆಳಗೆ ಊರಲ್ಲೇ ಸ್ವೆಟರ್ ಬೇಕೆನಿಸುವ ಜನವರಿ ಬೆಳಗ್ಗೆ, ಮೇಲೆ ಎಷ್ಟು ತಣ್ಣಗಿರಬಹುದು ಅಂತ ನೀವೇ ಊಹಿಸಿ. ಇದರ ಜೊತೆಗೆ ಗಾಳಿ.

ಹತ್ತುವಾಗ ಚಳಿ ಗೊತ್ತೇ ಆಗುವುದಿಲ್ಲ, ಕಿವಿಯ ಹಿಂದೆಲ್ಲ ಬೆವರು ಇಳಿಯುತ್ತಿರುತ್ತದೆ. ತುದಿ ಮುಟ್ಟಿ ಸೂರ್ಯೋದಯ ನೋಡೋಣ ಅಂತ ಕೂತಾಗ ಶುರುವಾಗುತ್ತದೆ ಅಸಲಿ ಚಳಿ. ಬೆನ್ನಿಗೆ ಅಂಟಿದ ಒದ್ದೆ ಅಂಗಿ, ಅದರ ಮೇಲೆ ಬೀಸುವ ಗಾಳಿ. ಹತ್ತು ನಿಮಿಷದಲ್ಲಿ ಹಲ್ಲು ಕಟಕಟ ಅನ್ನುತ್ತದೆ. ಬೇಸ್ ಲೇಯರ್ ಬೇಕಾಗುವುದು ಆ ಹತ್ತು ನಿಮಿಷಕ್ಕೆ.

ಕಾಟನ್ ಬನಿಯನ್ ಹಾಕ್ಕೊಂಡ್ರೆ ಏನಾಗುತ್ತೆ? ನಮ್ಮ ಅಜ್ಜ ಅದನ್ನೇ ಹಾಕಿ ಇಡೀ ಗುಡ್ಡ ಸುತ್ತುತ್ತಿದ್ರು.

ಸುತ್ತುತ್ತಿದ್ದರು, ಅದರಲ್ಲಿ ಅನುಮಾನ ಇಲ್ಲ. ಅವರು ಕೆಲಸ ಮುಗಿಯುವ ತನಕ ನಿಲ್ಲುತ್ತಿರಲಿಲ್ಲ, ಮನೆಗೆ ಬಂದ ತಕ್ಷಣ ಬಿಸಿನೀರು ಹುಯ್ದುಕೊಂಡು ಒಣ ಬಟ್ಟೆ ಹಾಕುತ್ತಿದ್ದರು. ಒದ್ದೆಯಾಗಿ ಗಾಳಿಯಲ್ಲಿ ಸುಮ್ನೆ ಕೂರುತ್ತಿರಲಿಲ್ಲ.

ಕಾಟನ್ ನೂಲು ನೀರನ್ನು ತನ್ನೊಳಗೇ ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಸಾಧಾರಣ ಹವೆಯಲ್ಲೇ ಅದು ತನ್ನ ತೂಕದ ಶೇ. 7–8ರಷ್ಟು ತೇವ ಎಳೆದುಕೊಂಡಿರುತ್ತದೆ, ಪಾಲಿಯೆಸ್ಟರ್ ಶೇ. 0.5ಕ್ಕಿಂತ ಕಡಿಮೆ. ನೀರು ಶಾಖವನ್ನು ಸಾಗಿಸುವುದು ನಿಂತ ಗಾಳಿಗಿಂತ ಸುಮಾರು 25 ಪಟ್ಟು ಜಾಸ್ತಿ. ಅಂದರೆ ಒದ್ದೆ ಬನಿಯನ್ ನಿಮ್ಮ ಮೈಯ ಬಿಸಿಯನ್ನು ಹೊರಗೆ ಹಾಕುವ ದಾರಿಯಾಗುತ್ತದೆ. ಮೇಲೆ ಎಷ್ಟು ದಪ್ಪ ಸ್ವೆಟರ್ ಇದ್ದರೂ ಒಳಗಿನದು ಒದ್ದೆ ಇದ್ದರೆ ಚಳಿ ಬಿಡುವುದಿಲ್ಲ.

ಬಟ್ಟೆ ಬೆವರನ್ನು ಹೊರಗೆ ಕಳಿಸೋದು ಹೇಗೆ? ಇದೇನು ಮ್ಯಾಜಿಕ್ಕಾ?

ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ. ಎಳೆ ಎಳೆಯ ನಡುವೆ ಇರುವ ಸಣ್ಣ ಸಣ್ಣ ಸಂದುಗಳಲ್ಲಿ ನೀರು ತಾನಾಗಿಯೇ ಹರಡಿಕೊಳ್ಳುತ್ತದೆ. ಪಾಲಿಯೆಸ್ಟರ್ ಎಳೆ ನೀರು ಕುಡಿಯುವುದಿಲ್ಲ, ಹಾಗಾಗಿ ಬೆವರು ಎಳೆಯ ಮೇಲ್ಮೈಯಲ್ಲೇ ಜಾರಿಕೊಂಡು ಬಟ್ಟೆಯ ಹೊರಮೈಗೆ ಬಂದು ಅಗಲಕ್ಕೆ ಹರಡುತ್ತದೆ. ಅಗಲಕ್ಕೆ ಹರಡಿದ ನೀರು ಬೇಗ ಆರುತ್ತದೆ. ಇಷ್ಟೇ ವಿಷಯ. ಬಟ್ಟೆ ಬೆವರನ್ನು ಮಾಯ ಮಾಡುವುದಿಲ್ಲ, ಜಾಗ ಬದಲಿಸುತ್ತದೆ.

## ಕೊಳ್ಳುವಾಗ

ಐನೂರು ರೂಪಾಯಿ ಒಳಗೆ ಏನಾದ್ರೂ ಸಿಗುತ್ತಾ?

ಧಾರಾಳವಾಗಿ. ತುಂಬುತೋಳಿನ ಪಾಲಿಯೆಸ್ಟರ್ ಸ್ಪೋರ್ಟ್ಸ್ ಟೀ ಶರ್ಟ್ ಹುಡುಕಿ, ಬೇಸ್ ಲೇಯರ್ ಅಂತ ಹೆಸರು ಬರೆದಿರಲೇಬೇಕು ಅಂತಿಲ್ಲ. ಕ್ರಿಕೆಟ್, ಫುಟ್‌ಬಾಲ್ ಆಡುವ ಹುಡುಗರು ಜರ್ಸಿ ಒಳಗೆ ಹಾಕುವ ಮೈಗಂಟುವ ಅಂಗಿ ಇದೆಯಲ್ಲ, ಎಲ್ಲರೂ ಸ್ಕಿನ್ನಿ ಅಂತಲೋ ಕಂಪ್ರೆಷನ್ ಅಂತಲೋ ಕರೆಯುವುದು, ಅದೇ ಸಾಕು. ಶಿವಮೊಗ್ಗದ ಗಾಂಧಿ ಬಜಾರ್, ನೆಹರೂ ರಸ್ತೆ ಕಡೆ ಸ್ಪೋರ್ಟ್ಸ್ ಸಾಮಾನಿನ ಅಂಗಡಿಗಳಲ್ಲಿ ಮೊದಲು ಕೇಳಿ ನೋಡಿ. ಡೆಕಥ್ಲಾನ್‌ನಂಥ ಕಡೆ ಓಟದವರ ಸಾದಾ ಟೀ ಶರ್ಟ್ ಇನ್ನೂ ಅಗ್ಗ. ಅದೇ ಅಂಗಡಿಯಲ್ಲಿ ಸ್ಕೀಯಿಂಗ್ ಅಂತ ಬರೆದ ಕಪಾಟಿನಲ್ಲಿ ಇರುವುದು ಹಿಮದ ಊರಿನವರಿಗೆ. ನಮ್ಮ ಗುಡ್ಡ ಹತ್ತುವಾಗ ಅದನ್ನು ಹಾಕಿದರೆ ಸೆಖೆಗೆ ಬೆಂದುಹೋಗುತ್ತೀರಿ.

ಮನೆಯಲ್ಲಿ ಆಗಲೇ ಇರುವ ಹಳೆ ಮ್ಯಾರಥಾನ್ ಟೀ ಶರ್ಟ್, ಕಾಲೇಜು ಟೀಮಿನ ಜರ್ಸಿ ಒಮ್ಮೆ ತೆಗೆದು ನೋಡಿ. ಎಷ್ಟೋ ಜನಕ್ಕೆ ಹೊಸದು ಬೇಕಾಗುವುದೇ ಇಲ್ಲ. ಎದೆಯ ಮೇಲೆ ರಬ್ಬರಿನ ಹಾಗೆ ದಪ್ಪ ಪ್ರಿಂಟ್ ಇರುವುದು ಮಾತ್ರ ಬೇಡ, ಆ ಜಾಗದಲ್ಲಿ ಬೆವರು ಹೊರಗೆ ಬರುವುದಿಲ್ಲ.

ಲೇಬಲ್ ಮೇಲೆ ಏನು ನೋಡಬೇಕು?

ದೊಡ್ಡ ಅಕ್ಷರದಲ್ಲಿ ಏನು ಬರೆದಿದೆ ಅಂತ ನೋಡಬೇಡಿ. ಒಳಗಡೆ ಪಕ್ಕದ ಹೊಲಿಗೆಯಲ್ಲಿ ಸಿಕ್ಕಿಸಿದ ಸಣ್ಣ ಪಟ್ಟಿ ನೋಡಿ. ಪಾಲಿಯೆಸ್ಟರ್ ಅಥವಾ ನೈಲಾನ್ ಶೇ. 85–100, ಉಳಿದದ್ದು ಸ್ಪಾಂಡೆಕ್ಸ್ ಅಥವಾ ಇಲಾಸ್ಟೇನ್ (ಎರಡೂ ಒಂದೇ, ಎಳೆದರೆ ಹಿಗ್ಗುವ ನೂಲು) ಅಂತ ಇದ್ದರೆ ಕಣ್ಣು ಮುಚ್ಚಿ ತೊಗೊಳ್ಳಬಹುದು. ಸ್ಪಾಂಡೆಕ್ಸ್ ಜಾಸ್ತಿಯಾದಷ್ಟೂ ಒಣಗುವುದು ನಿಧಾನ, ಶೇ. 10 ಸಾಕೋ ಸಾಕು. ಕಾಟನ್ ಶೇ. 40, 50 ಅಂತ ಕಂಡರೆ ಅಲ್ಲೇ ಬಿಟ್ಟುಬಿಡಿ.

ಅಂಗಡಿಯಲ್ಲಿ ನಿಂತೇ ಪರೀಕ್ಷೆ ಮಾಡೋಕೆ ಆಗುತ್ತಾ?

ಆಗುತ್ತದೆ, ಅಂಗಡಿಯವರನ್ನು ಒಂದು ಮಾತು ಕೇಳಿ ಮಾಡಿ. ಬಟ್ಟೆಯ ಒಳಮೈ ಮೇಲೆ ಮಾಡಿ ಅಂಗೈ ಮೇಲೆ ಹರಡಿಕೊಳ್ಳಿ. ಬಾಟಲಿಯ ಮುಚ್ಚಳದಿಂದ ಒಂದೇ ಒಂದು ಹನಿ ನೀರು ಬಿಡಿ. ಒಳ್ಳೆ ಬಟ್ಟೆಯಾದರೆ ಹನಿ ಕೂತಲ್ಲೇ ಕೂರುವುದಿಲ್ಲ. ನೋಡನೋಡುತ್ತಿದ್ದಂತೆ ಅಂಚು ಬಿಚ್ಚಿಕೊಂಡು ಹಳೇ ಒಂದು ರೂಪಾಯಿ ನಾಣ್ಯದಷ್ಟು ಅಗಲ ಆಗುತ್ತದೆ, ತಿರುಗಿಸಿದರೆ ಹೊರಮೈಯಲ್ಲೂ ಅದೇ ಗುರುತು, ಇನ್ನೂ ಸ್ವಲ್ಪ ದೊಡ್ಡದಾಗಿ. ಕಳಪೆ ಪಾಲಿಯೆಸ್ಟರ್ ಮೇಲೆ ಹನಿ ಕೆಸುವಿನೆಲೆ ಮೇಲಿದ್ದಂತೆ ಉಂಡೆಯಾಗಿ ನಿಂತಿರುತ್ತದೆ. ಹೊಸ ಬಟ್ಟೆಗೆ ಕೆಲವು ಸಲ ಗಂಜಿಯಂಥ ಲೇಪ ಇರುತ್ತದೆ, ಅದರಿಂದಲೂ ಹನಿ ನಿಲ್ಲಬಹುದು. ಆದರೆ ಪಕ್ಕದಲ್ಲೇ ಹನಿ ಹರಡುವ ಇನ್ನೊಂದು ಅಂಗಿ ಅದೇ ಬೆಲೆಗೆ ಇರುವಾಗ ಅನುಮಾನದ್ದು ಯಾಕೆ?

ಇನ್ನೊಂದು: ಬಟ್ಟೆಯನ್ನು ಬಾಯಿಗೆ ಒತ್ತಿ ಊದಿ. ಉಸಿರು ಸಲೀಸಾಗಿ ಆಚೆ ಹೋಗಬೇಕು.

ಟೈಟ್ ತೊಗೊಳ್ಳಲಾ, ಲೂಸ್ ತೊಗೊಳ್ಳಲಾ?

ಮೈಗೆ ತಾಗಿರಬೇಕು, ಹಿಡಿಯಬಾರದು. ಬಟ್ಟೆ ಚರ್ಮ ಮುಟ್ಟದಿದ್ದರೆ ಬೆವರು ಎಳೆಯುವುದು ಹೇಗೆ? ಕೈ ಎರಡೂ ಮೇಲೆತ್ತಿದಾಗ ಹೊಟ್ಟೆ ಕಾಣದಷ್ಟು ಉದ್ದ ಇರಲಿ. ಹೆಗಲ ಮೇಲೆ ಹೊಲಿಗೆ ಬರುವ ಜಾಗ ಬೆರಳಾಡಿಸಿ ನೋಡಿ, ಅದು ಉಬ್ಬಿಕೊಂಡಿದ್ದರೆ ಬ್ಯಾಗಿನ ಪಟ್ಟಿ ಅಲ್ಲೇ ಉಜ್ಜುತ್ತದೆ. ಕತ್ತಿನ ಬಳಿ ಜಿಪ್ ಇರುವುದು ಸಿಕ್ಕರೆ, ನೂರಿನ್ನೂರು ಜಾಸ್ತಿ ಆದರೂ ಕೊಡಿ. ಏರಿನಲ್ಲಿ ಜಿಪ್ ಇಳಿಸಿದರೆ ಸಿಗುವ ಆರಾಮ ಬೇರೆ ಯಾವುದರಿಂದಲೂ ಸಿಗುವುದಿಲ್ಲ.

ಬಿದಿರಿನ ಬಟ್ಟೆ ಒಳ್ಳೇದು ಅಂತಾರೆ. ನಿಜನಾ?

ಮೆತ್ತಗಿರುತ್ತದೆ, ಮಲಗಲು ಚೆನ್ನ. ಆದರೆ ಬಿದಿರು ಅಂತ ಮಾರುವುದರಲ್ಲಿ ಬಹುಪಾಲು ವಿಸ್ಕೋಸ್. ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ ನೂಲು ಅದು. ಕಾಟನ್‌ಗಿಂತಲೂ ಜಾಸ್ತಿ ನೀರು ಹಿಡಿಯುತ್ತದೆ. ಚಳಿಯಲ್ಲಿ ಹತ್ತುವುದಕ್ಕೆ ಬೇಡ.

ಮೆರಿನೋಗೆ ಅಷ್ಟೊಂದು ದುಡ್ಡು ಯಾಕೆ ಕೊಡಬೇಕು? ನಮ್ಮ ಕಂಬಳಿನೂ ಉಣ್ಣೆನೇ ಅಲ್ವಾ?

ಉಣ್ಣೆಯೇ, ಅದೂ ಒಳ್ಳೆ ಉಣ್ಣೆ. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಯಲ್ಲಿ ನಿಂತವರಿಗೆ ಗೊತ್ತು, ಹೊರಗೆ ನೀರು ಇಳಿಯುತ್ತಿದ್ದರೂ ಒಳಗೆ ಬೆಚ್ಚಗಿರುತ್ತದೆ. ಉಣ್ಣೆಯ ಎಳೆ ತನ್ನ ತೂಕದ ಮೂರರಲ್ಲೊಂದು ಭಾಗದಷ್ಟು ತೇವವನ್ನು ಒಳಗೆ ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ, ಎಳೆದುಕೊಳ್ಳುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಆದರೆ ನಮ್ಮ ದಖ್ಖನಿ ಕುರಿಯ ಉಣ್ಣೆ ದಪ್ಪ, ಒರಟು. ಬರಿಮೈಗೆ ಚುಚ್ಚುತ್ತದೆ. ಅದು ಹೊರಗೆ ಹೊದೆಯುವುದಕ್ಕೆ ಹೇಳಿ ಮಾಡಿಸಿದ್ದು. ಮೆರಿನೋ ಕುರಿಯ ಎಳೆ ತುಂಬಾ ತೆಳು, ಬೇಸ್ ಲೇಯರಿಗೆ ಬಳಸುವುದು ಸಾಮಾನ್ಯವಾಗಿ 17–19 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಅಷ್ಟು ತೆಳುವಾದ್ದರಿಂದ ಎಳೆಯ ತುದಿ ಚರ್ಮಕ್ಕೆ ತಾಗಿದರೆ ಬಾಗುತ್ತದೆ, ಚುಚ್ಚುವುದಿಲ್ಲ.

ಮೆರಿನೋದ ದೊಡ್ಡ ಗುಣ ವಾಸನೆ ಬರದೇ ಇರುವುದು, ಮೂರ್ನಾಲ್ಕು ದಿನ ಒಂದೇ ಅಂಗಿಯಲ್ಲಿ ಇರಬಹುದು. ಬೆಲೆ ಮಾತ್ರ ಎರಡು ಸಾವಿರ ದಾಟುತ್ತದೆ, ತೆಳ್ಳನೆಯದು ಬೇಗ ತೂತಾಗುತ್ತದೆ, ಒಣಗುವುದೂ ಪಾಲಿಯೆಸ್ಟರಿಗಿಂತ ನಿಧಾನ. ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುವವರಿಗೆ ಆ ದುಡ್ಡು ದಂಡ. ನಾನಾದರೆ ಅದನ್ನು ಒಳ್ಳೆ ಶೂ ಮೇಲೆ ಹಾಕುತ್ತೇನೆ.

ಕಾಲಿಗೂ ಬೇಕಾ?

ಹತ್ತುವಾಗ ಬೇಡ. ತೊಡೆಯ ಸ್ನಾಯು ತಾನೇ ಬಿಸಿ ಹುಟ್ಟಿಸುತ್ತದೆ. ಜೀನ್ಸ್ ಬಿಟ್ಟು ಬೇಗ ಒಣಗುವ ಟ್ರ್ಯಾಕ್ ಪ್ಯಾಂಟ್ ಹಾಕಿದರೆ ಸಾಕು. ರಾತ್ರಿ ಟೆಂಟಿನಲ್ಲಿ ಉಳಿಯುವುದಾದರೆ ಒಂದು ಲೆಗ್ಗಿಂಗ್ ಇರಲಿ.

## ಗುಡ್ಡದಲ್ಲಿ, ರಸ್ತೆಯಲ್ಲಿ

ಬೆಳಗಿನ ಜಾವ ಕೊಡಚಾದ್ರಿ ಹತ್ತಬೇಕು. ಏನೇನು ಹಾಕ್ಕೊಳ್ಳಲಿ?

ಹೊರಡುವಾಗ ಸ್ವಲ್ಪ ಚಳಿ ಅನಿಸುವ ಹಾಗೆಯೇ ಹೊರಡಿ. ಇದು ಕೇಳಲು ವಿಚಿತ್ರ, ಆದರೆ ಇದೇ ಮುಖ್ಯ. ತೆಳ್ಳನೆ ಬೇಸ್ ಲೇಯರ್ ಒಂದೇ ಮೈಮೇಲೆ, ಫ್ಲೀಸ್ ಮತ್ತು ಗಾಳಿ ತಡೆಯುವ ಜಾಕೆಟ್ ಬ್ಯಾಗಿನಲ್ಲಿ. ಕಾಲು ಗಂಟೆ ನಡೆದರೆ ಮೈ ಕಾದೇ ಕಾಯುತ್ತದೆ. ಎಲ್ಲ ಹಾಕಿಕೊಂಡು ಬೆಚ್ಚಗೆ ಹೊರಟವರು ಅರ್ಧ ದಾರಿಗೆ ಒಳಗಿಂದ ನೆನೆದಿರುತ್ತಾರೆ.

ಕಾಡು ಮುಗಿದು ಬೋಳು ಹುಲ್ಲಿನ ನೆತ್ತಿ ಶುರುವಾಗುವ ಜಾಗ ಇದೆಯಲ್ಲ, ಅಲ್ಲಿಂದ ತುದಿಯ ಕಲ್ಲಿನ ಗುಡಿ ಸರ್ವಜ್ಞ ಪೀಠದವರೆಗೆ ಗಾಳಿಗೆ ಅಡ್ಡ ಏನೂ ಇಲ್ಲ. ಮರಗಳ ಸಾಲು ಬಿಡುವ ಮೊದಲೇ ನಿಂತು ಜಾಕೆಟ್ ಹಾಕಿ. ಮೇಲೆ ಹೋಗಿ ನಡುಗಲು ಶುರುವಾದ ಮೇಲೆ ಹಾಕಿದರೆ ಮತ್ತೆ ಬಿಸಿಯಾಗಲು ಬಹಳ ಹೊತ್ತು ಬೇಕು. ತುಂಬಾ ಹೊತ್ತು ಕೂರುವ ಯೋಚನೆ ಇದ್ದರೆ ಎರಡನೇ ಅಂಗಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಯ್ಯಿರಿ, ಪೀಠದ ಮರೆಗೆ ಹೋಗಿ ಒದ್ದೆಯದು ತೆಗೆದು ಅದನ್ನು ಹಾಕಿ. ಎರಡು ಅಗ್ಗದ ಅಂಗಿ ತೊಗೊಳ್ಳಿ ಅಂದದ್ದು ಇದಕ್ಕೇ.

ಡ್ರೈ ಫಿಟ್ (ಬೇಗ ಒಣಗೋ ಪಾಲಿಯೆಸ್ಟರ್) ಹಾಕಿದ್ರೂ ಒದ್ದೆಮುದ್ದೆ ಆಗ್ತೀನಿ. ಅಂಗಡಿಯವರು ಮೋಸ ಮಾಡಿದ್ರಾ?

ಇರಲಿಕ್ಕಿಲ್ಲ. ಬೆವರು ಬಟ್ಟೆಯ ಹೊರಮೈಗೆ ಬಂದರೆ ಮುಗಿಯಲಿಲ್ಲ, ಅಲ್ಲಿಂದ ಗಾಳಿಗೆ ಆರಬೇಕು. ಮಂಜು ಮುಸುಕಿದ ಬೆಳಗ್ಗೆ ಗಾಳಿಯಲ್ಲಿ ತೇವ ಆಗಲೇ ತುಂಬಿರುತ್ತದೆ, ಇನ್ನಷ್ಟು ಹಿಡಿಯಲು ಜಾಗ ಕಡಿಮೆ. ಬಿಸಿಲು ಬಿದ್ದ ಬಯಲುಸೀಮೆಯಲ್ಲಿ ಬೇಗ ಒಣಗುವ ಅದೇ ಅಂಗಿ ತೀರ್ಥಹಳ್ಳಿ ಕಡೆಯ ಕಾಡಿನಲ್ಲಿ ಗಂಟೆಗಟ್ಟಲೆ ತೇವ ಇರುತ್ತದೆ. ಬಟ್ಟೆಯ ಜಾಹೀರಾತು ಬರೆಯುವವರು ಆಗುಂಬೆಯ ಹವೆ ನೋಡಿರುವುದಿಲ್ಲ. ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಬರುವ ಊರು ಅದು. ಮಳೆಗಾಲದಲ್ಲಿ ಅಲ್ಲಿ ಯಾವ ಬಟ್ಟೆಯೂ ತಾನಾಗಿ ಒಣಗುವುದಿಲ್ಲ.

ಇನ್ನೊಂದು ಕಾರಣ ಮೇಲಿನ ರೇನ್‌ಕೋಟ್. ಪ್ಲಾಸ್ಟಿಕ್ಕಿನ ಅಗ್ಗದ ರೇನ್‌ಕೋಟ್ ಒಳಗೆ ಆವಿ ಸಿಕ್ಕಿಹಾಕಿಕೊಂಡು ನೀರಾಗಿ ವಾಪಸ್ ಅಂಗಿಗೇ ಇಳಿಯುತ್ತದೆ. ಮಳೆ ಇಲ್ಲದಿದ್ದರೆ ಏರಿನಲ್ಲಿ ಅದನ್ನು ತೆಗೆಯಿರಿ. ಬೆನ್ನಿಗಂಟಿದ ಬ್ಯಾಗಿನದೂ ಇದೇ ಕಥೆ, ಅಲ್ಲಿ ಒದ್ದೆಯಾಗುವುದನ್ನು ಯಾವ ಬಟ್ಟೆಯೂ ತಪ್ಪಿಸುವುದಿಲ್ಲ. ನಡಿಗೆ ನಿಧಾನ ಮಾಡಿ. ಬೆವರೇ ಕಡಿಮೆ ಬಂದರೆ ಬಟ್ಟೆಗೆ ಕೆಲಸ ಕಡಿಮೆ.

ಬೆಳಗ್ಗೆ ಐದಕ್ಕೆ ಬೈಕಲ್ಲಿ ಹೋಗ್ತೀನಿ. ನನಗೆ ಯಾವುದು?

ನಿಮ್ಮ ಲೆಕ್ಕ ಬೇರೆ. ಬೈಕಲ್ಲಿ ಮೈ ಅಲುಗಾಡುವುದಿಲ್ಲ, ಬೆವರು ಬರುವುದಿಲ್ಲ, ಬರೀ ಗಾಳಿ. ಹಾಗಾಗಿ ಕಾಟನ್ ಥರ್ಮಲ್ ಆದರೂ ನಡೆಯುತ್ತದೆ. ಗಾಳಿ ನುಗ್ಗದ ಜಾಕೆಟ್, ಕೈಗವಸು, ಕತ್ತಿಗೆ ಮಫ್ಲರ್, ಇವಕ್ಕೆ ದುಡ್ಡು ಹಾಕಿ. ಸೈಕಲ್‌ನವರಿಗೆ ಗಾಳಿಯೂ ಉಂಟು, ಬೆವರೂ ಉಂಟು. ಅವರಿಗೆ ಪಾಲಿಯೆಸ್ಟರೇ ಬೇಕು, ಎದೆಗೆ ಗಾಳಿ ತಡೆಯುವ ತೆಳ್ಳನೆ ಜಾಕೆಟ್ಟೂ ಬೇಕು.

ಅಡಿಕೆ ಕೊನೆ ಕೊಯ್ಲಿನ ಕೆಲಸಕ್ಕೆ ಇದು ಆಗುತ್ತಾ?

ಬೆಳಗಿನ ಇಬ್ಬನಿಯಲ್ಲಿ ತೋಟಕ್ಕೆ ಇಳಿಯುವವರಿಗೆ ಚೆನ್ನಾಗಿ ಆಗುತ್ತದೆ. ತೆಳ್ಳನೆ ಪಾಲಿಯೆಸ್ಟರ್ ಒಳಗೆ, ಅದರ ಮೇಲೆ ಹಳೆಯ ದಪ್ಪ ಕಾಟನ್ ಶರ್ಟ್. ಮರ ಹತ್ತುವ ಕೊನೆಗೌಡರಿಗೆ ಮರಕ್ಕೆ ಉಜ್ಜುವ ಹೊರಗಿನ ಬಟ್ಟೆ ಗಟ್ಟಿ ಇರಲೇಬೇಕು, ತೆಳ್ಳನೆಯದೊಂದೇ ಹಾಕಿ ಹತ್ತಿದರೆ ಒಂದೇ ದಿನಕ್ಕೆ ಹರಿಯುತ್ತದೆ.

ಮಂಗನ ಕಾಯಿಲೆ ಸಮಯದಲ್ಲಿ ಕಾಡಿಗೆ ಹೋಗೋರಿಗೆ ಈ ಟೈಟ್ ಬಟ್ಟೆ ಉಪಯೋಗ ಇದೆಯಾ?

ಇದೆ, ಆದರೆ ಇದೊಂದೇ ರಕ್ಷಣೆ ಅಂತ ನಂಬಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಉಣುಗು ಕಚ್ಚಿ ಬರುವಂಥದ್ದು. ಜೋರಾಗುವುದು ಡಿಸೆಂಬರಿನಿಂದ ಮೇ ತನಕ, ಅಂದರೆ ಸರಿಯಾಗಿ ನಾವು ಗುಡ್ಡ ಹತ್ತುವ ಕಾಲಕ್ಕೇ. ಉಣುಗಿನ ಮರಿಗಳು ತೀರಾ ಸಣ್ಣ, ಕಣ್ಣಿಗೆ ಕಾಣುವುದು ಕಷ್ಟ. ಹಾಗಾಗಿ ತಿಳಿ ಬಣ್ಣದ ತುಂಬುತೋಳಿನ ಅಂಗಿ ಆರಿಸಿ, ಅಂಗಿಯನ್ನು ಪ್ಯಾಂಟಿನೊಳಗೆ, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಬಟ್ಟೆ ಮುಚ್ಚದ ಚರ್ಮಕ್ಕೆ ಹಚ್ಚಿ. ಅಂಗಡಿಯಿಂದ ತಂದ, ಡೀಟ್ (ಕೀಟ ಓಡಿಸುವ ರಾಸಾಯನಿಕ) ಇರುವ ಕ್ರೀಮ್ ಆದರೆ ಬಟ್ಟೆಗೆ ತಾಗದಂತೆ ನೋಡಿಕೊಳ್ಳಿ, ಡೀಟ್ ಸ್ಪಾಂಡೆಕ್ಸನ್ನು ಹಾಳು ಮಾಡುತ್ತದೆ. ತರಗೆಲೆ ಮೇಲೆ ಕೂರಬೇಡಿ, ಮಂಗ ಸತ್ತಿರುವ ಸುದ್ದಿ ಇರುವ ಕಾಡಿಗೆ ಹೋಗಲೇಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ನೀವು ಬಚ್ಚಲಿಗೆ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲು ಹೇಳಿ.

## ತೊಳೆಯುವುದು, ಒಣಗಿಸುವುದು

ಪಾಲಿಯೆಸ್ಟರ್ ಅಂಗಿ ನಾತ ಹೊಡೆಯುತ್ತೆ. ತೊಳೆದ್ರೂ ಹೋಗಲ್ಲ. ಏನ್ಮಾಡ್ಲಿ?

ಪಾಲಿಯೆಸ್ಟರ್ ನೀರು ಹಿಡಿಯದಿದ್ದರೂ ಮೈಯ ಎಣ್ಣೆಜಿಡ್ಡನ್ನು ಹಿಡಿಯುತ್ತದೆ, ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದಿಂದ ವಾಸನೆ. ಬಂದ ದಿನವೇ ತೊಳೆಯಿರಿ, ಬ್ಯಾಗಿನಲ್ಲಿ ಮುದುರಿ ಇಡಬೇಡಿ. ಹಳೇ ವಾಸನೆಗೆ ಅರ್ಧ ಬಕೆಟ್ ನೀರಿಗೆ ಒಂದು ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ಒಳಮೈ ಹೊರಗೆ ಮಾಡಿ ತೊಳೆಯಿರಿ. ಬಟ್ಟೆಗೆ ಘಮ ಬರಲು ಕೊನೆಯಲ್ಲಿ ಹಾಕುವ ಸಾಫ್ಟ್‌ನರ್ ಮಾತ್ರ ಬೇಡವೇ ಬೇಡ. ಅದು ಎಳೆಯ ಮೇಲೆ ಜಿಡ್ಡಿನ ಪದರ ಬಿಡುತ್ತದೆ, ಬೆವರು ಎಳೆಯುವ ಗುಣ ಹೋಗುತ್ತದೆ.

ಬಚ್ಚಲೊಲೆ ಮೇಲೆ ಒಣಗಿಸಬಹುದಾ?

ಅಟ್ಟದ ಹಗ್ಗದ ಮೇಲೆ, ಬೆಂಕಿಯಿಂದ ಆಳೆತ್ತರ ಮೇಲಾದರೆ ಆಗಬಹುದು, ಹೊಗೆ ವಾಸನೆ ಹಿಡಿಯುತ್ತದೆ ಅಷ್ಟೇ. ಹಂಡೆಯ ಅಂಚಿನ ಮೇಲೆ, ಒಲೆಯ ಕಟ್ಟೆಯ ಮೇಲೆ ಹಾಕಬೇಡಿ. ಪಾಲಿಯೆಸ್ಟರ್ ಕರಗುವುದು 250 ಡಿಗ್ರಿ ದಾಟಿದ ಮೇಲಾದರೂ ಅದಕ್ಕೂ ಬಹಳ ಮುಂಚೆಯೇ ಆಕಾರ ಕೆಡುತ್ತದೆ. ಪಾಲಿಪ್ರೊಪಿಲೀನ್ ಬಟ್ಟೆಯಾದರೆ 160ರ ಹತ್ತಿರವೇ ಕರಗುತ್ತದೆ. ಹೊಡತಲು (ಚಳಿ ಕಾಯಿಸುವ ಬೆಂಕಿ) ಹಾಕಿ ಸುತ್ತ ಕೂರುವಾಗಲೂ ಎಚ್ಚರ. ಕಾಟನ್ ಮೇಲೆ ಬಿದ್ದ ಕಿಡಿ ತೂತು ಮಾಡುತ್ತದೆ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ.

## ಇನ್ನೂ ಸ್ವಲ್ಪ ಆಳಕ್ಕೆ

ಜಿಎಸ್‌ಎಂ ಅಂತ ಬರೆದಿರ್ತಾರಲ್ಲ, ಎಷ್ಟಿರಬೇಕು?

ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಮಿನಲ್ಲಿ. ನಮ್ಮ ಗುಡ್ಡಗಳಿಗೆ 120ರಿಂದ 160 ಸರಿ. 200ರ ಆಸುಪಾಸಿನದು ಕೂತು ಹಕ್ಕಿ ನೋಡುವವರಿಗೆ, ಟೆಂಟಿನಲ್ಲಿ ಮಲಗುವವರಿಗೆ. 250 ಮೀರಿದ್ದು ಇಲ್ಲಿ ಯಾರಿಗೂ ಬೇಡ.

ತೂತು ತೂತಿನ ಬಲೆ ಬನಿಯನ್ ಒಳಗೆ ಹಾಕಿದ್ರೆ ಬೆಚ್ಚಗಿರುತ್ತೆ ಅಂತಾರೆ. ಹೇಗೆ ಸಾಧ್ಯ?

ಸಾಧ್ಯ ಇದೆ. 1930ರ ದಶಕದಲ್ಲಿ ನಾರ್ವೆಯ ಸೇನಾಧಿಕಾರಿಯೊಬ್ಬರು ಮೀನಿನ ಬಲೆಯಿಂದ ಒಳಅಂಗಿ ಮಾಡಿಸಿ ನೋಡಿದ್ದರು. ತೂತುಗಳಲ್ಲಿ ಗಾಳಿ ನಿಂತು ಬಿಸಿ ಹಿಡಿಯುತ್ತದೆ, ಬೆವರಿನ ಆವಿ ಅದೇ ತೂತಿನಿಂದ ಹೊರಗೆ ಹೋಗುತ್ತದೆ, ಮೈಗೆ ತಾಗುವ ಬಟ್ಟೆಯೂ ಕಡಿಮೆ. ಆದರೆ ಮೇಲೆ ಇನ್ನೊಂದು ಬಟ್ಟೆ ಇದ್ದರೆ ಮಾತ್ರ ಈ ಗುಣ. ನಮ್ಮ ಅಂಗಡಿಗಳ ಬಲೆ ಬನಿಯನ್ ಬಹುತೇಕ ಕಾಟನ್, ಆದರೂ ಬಟ್ಟೆಯೇ ಕಡಿಮೆ ಇರುವುದರಿಂದ ಸಾದಾ ಕಾಟನ್ ಬನಿಯನ್ನಿಗಿಂತ ಎಷ್ಟೋ ವಾಸಿ. ಕೈಯಲ್ಲಿ ದುಡ್ಡೇ ಇಲ್ಲ ಅನ್ನುವವರು ಬಲೆ ಬನಿಯನ್, ಅದರ ಮೇಲೆ ಹಳೇ ಪಾಲಿಯೆಸ್ಟರ್ ಜರ್ಸಿ ಹಾಕಿ ಹೊರಡಬಹುದು.

ಜೊತೆಗಿದ್ದವರಿಗೆ ನಡುಕ ನಿಲ್ಲದಿದ್ರೆ?

ಹತ್ತು ಹದಿನೈದು ಡಿಗ್ರಿಯಲ್ಲೂ ಒದ್ದೆ ಮೈಗೆ ಗಾಳಿ ಹೊಡೆದರೆ ದೇಹದ ಬಿಸಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮಾತು ತೊದಲುವುದು, ಜಿಪ್ ಹಾಕಲು ಕೈ ಬಾರದಿರುವುದು, ಎಡವುವುದು ಇದರ ಗುರುತು. ಗಾಳಿಯಿಂದ ಮರೆಗೆ ಕರೆದೊಯ್ಯಿರಿ. ಒದ್ದೆ ಬಟ್ಟೆ ಪೂರ್ತಿ ತೆಗೆಸಿ ಒಣಗಿದ್ದು ಹಾಕಿ, ತಲೆ ಮುಚ್ಚಿ, ನೆಲದ ತಂಪು ತಾಗದಂತೆ ಕೆಳಗೂ ಏನಾದರೂ ಹಾಸಿ. ಎಚ್ಚರ ಇದ್ದರೆ ಬೆಚ್ಚಗಿನ ಸಿಹಿ ಏನಾದರೂ ಕುಡಿಯಲು ಕೊಡಿ, ಮದ್ಯ ಕೊಡಬೇಡಿ. ನಡುಗುತ್ತಿದ್ದವರು ಬೆಚ್ಚಗಾಗದೇ ನಡುಕ ನಿಂತು ಮಂಕಾದರೆ ಅದು ಇನ್ನೂ ಕೆಟ್ಟ ಲಕ್ಷಣ, ತಡಮಾಡದೆ ಕೆಳಗಿಳಿಸಿ ಆಸ್ಪತ್ರೆಗೆ ಸೇರಿಸಿ.

ಇಲ್ಲಿ ತೊಗೊಂಡಿದ್ದೇ ಹಿಮಾಲಯದ ಟ್ರೆಕ್ಕಿಗೂ ಆಗುತ್ತಾ?

ಹಗಲು ನಡೆಯಲು ಅದೇ ಆಗುತ್ತದೆ. ಸೊನ್ನೆಗಿಂತ ಕೆಳಗಿನ ರಾತ್ರಿಗೆ ಮಾತ್ರ 200 ಜಿಎಸ್‌ಎಂ ಮೇಲಿನ ಒಂದು ಜೋಡಿ, ಮೇಲಿನದು ಕೆಳಗಿನದು ಎರಡೂ, ಹೆಚ್ಚಿಗೆ ಬೇಕು. ಅದನ್ನು ಮಲಗಲು ಮಾತ್ರ ಮೀಸಲಿಡಿ, ನಡೆಯುವಾಗ ಒಮ್ಮೆಯೂ ಹಾಕಬೇಡಿ. ದಿನಗಟ್ಟಲೆ ಬಟ್ಟೆ ತೊಳೆಯಲು ಆಗದ ಅಂಥ ಟ್ರೆಕ್ಕಿಗೆ ಮೆರಿನೋ ದುಡ್ಡಿಗೆ ತಕ್ಕ ಬೆಲೆ ಕೊಡುತ್ತದೆ. ವರ್ಷಕ್ಕೊಮ್ಮೆ ಹೋಗುವ ನಾಲ್ಕು ಜನ ಗೆಳೆಯರು ಸೇರಿ ಇಂಥ ದಪ್ಪ ಜೋಡಿ ತಂದಿಟ್ಟುಕೊಂಡು, ಹೋಗುವವರಿಗೆ ಕೊಟ್ಟು ತೊಗೊಂಡು ಮಾಡಿದರೆ ಖರ್ಚೂ ಹಂಚಿಹೋಗುತ್ತದೆ.